ಹಳದಿ ಮೋಟರಿನ ರೋಬೋ ಕಿಟ್: ಸ್ಪರ್ಧೆಗೆ ಒಯ್ಯುವ ಮುನ್ನ ಏನೇನು ಬದಲಿಸಬೇಕು

ತುಮಕೂರಿನ ಎಂಜಿನಿಯರಿಂಗ್ ಕಾಲೇಜಿರಲಿ, ಪಾಲಿಟೆಕ್ನಿಕ್ ಇರಲಿ, ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಹೈಸ್ಕೂಲಿರಲಿ, ರೋಬೋ ಸ್ಪರ್ಧೆಗೆ ಹೊಸದಾಗಿ ಕೈಹಾಕುವ ತಂಡ ಸಾಮಾನ್ಯವಾಗಿ ಮೊದಲು ಕೊಳ್ಳುವುದು ಈ ಕಿಟ್ಟನ್ನೇ. ಡಬ್ಬಿಯ ಮೇಲಿನ ಹೆಸರು ಅಂಗಡಿಯಿಂದ ಅಂಗಡಿಗೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಎರಡು ಅಕ್ರಿಲಿಕ್ ತಟ್ಟೆ, ನಾಲ್ಕು ಹಳದಿ ಬಿಓ ಮೋಟರು (ಬ್ಯಾಟರಿಯಿಂದ ಓಡುವ, ಗೇರಿರುವ ಚಿಕ್ಕ ಮೋಟರು), 65 ಮಿ.ಮೀ. ವ್ಯಾಸದ ನಾಲ್ಕು ಚಕ್ರ, ರೋಬೋದ ಮಿದುಳಾದ ಆರ್ಡುಯಿನೊ ಊನೊ ಮಾದರಿಯ ಬೋರ್ಡು, ಮೋಟರಿಗೆ ಕರೆಂಟು ಹಂಚುವ ಎಲ್298ಎನ್ ಮೋಟರ್ ಡ್ರೈವರ್, ಎರಡು ಐಆರ್ (ಅವಗೆಂಪು ಕಿರಣದ) ಸೆನ್ಸರ್, ಎಚ್‌ಸಿ-05 ಬ್ಲೂಟೂತ್, 9 ವೋಲ್ಟ್ ಬ್ಯಾಟರಿಯ ಕ್ಲಿಪ್ಪು, ಒಂದು ಕಟ್ಟು ಜಂಪರ್ ವೈರು, ಒಂದು ಪೊಟ್ಟಣ ಸ್ಕ್ರೂ. ಹಾಗಾಗಿ ಈ ವಿಮರ್ಶೆ ಯಾವುದೋ ಒಂದು ಕಂಪನಿಯ ಡಬ್ಬಿಗೆ ಸೇರಿದ್ದಲ್ಲ. ನೆಲದ ಗೆರೆ ಹಿಡಿದು ಓಡುವ ಲೈನ್ ಫಾಲೋವರ್ ಮತ್ತು ಚೆಂಡಾಟದ ರೋಬೋ ಸಾಕರ್, ಈ ಎರಡು ಸ್ಪರ್ಧೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ಭಾಗವನ್ನು ತೂಗಿ ನೋಡಿದ್ದು.

ಕೊಳ್ಳಬಹುದೇ ಎಂದರೆ, ಧಾರಾಳವಾಗಿ ಕೊಳ್ಳಬಹುದು. ಆದರೆ ಬಂದ ಹಾಗೆಯೇ ಜೋಡಿಸಿ ಅಖಾಡಕ್ಕೆ ಇಳಿಸಬೇಡಿ. ರೋಬೋ ನಿಧಾನವಾದರೆ, ನಡುವೆ ನಿಂತುಹೋದರೆ, ತಂಡಗಳು ಮೊದಲು ಅನುಮಾನಿಸುವುದು ಆರ್ಡುಯಿನೊ ಬೋರ್ಡನ್ನು. ಅದನ್ನು ತೆಗೆದು ದೊಡ್ಡ ಬೋರ್ಡು ಹಾಕಲು ದುಡ್ಡು ಸುರಿಯುತ್ತಾರೆ. ಆರ್ಡುಯಿನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪು ಈ ಎರಡೂ ಸ್ಪರ್ಧೆಗೆ ಬೇಕಾದಷ್ಟಾಯಿತು. ಈ ಕಿಟ್ಟಿನಲ್ಲಿ ಸೊರಗಿರುವುದು ಮಿದುಳಲ್ಲ, ಹೊಟ್ಟೆ. ಬ್ಯಾಟರಿಯಿಂದ ಮೋಟರಿನವರೆಗೆ ಕರೆಂಟು ಹೋಗುವ ದಾರಿಯಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತದೆ.

ಬ್ಯಾಟರಿಯಿಂದಲೇ ಶುರುಮಾಡೋಣ. ಮಲ್ಟಿಮೀಟರಿಗೆ ಹಾಕುವ ಚೌಕನೆಯ 9 ವೋಲ್ಟ್ ಬ್ಯಾಟರಿ ಮೋಟರಿಗೆ ಹೇಳಿಮಾಡಿಸಿದ್ದಲ್ಲ. 6 ವೋಲ್ಟಿನಲ್ಲಿ ಒಂದು ಬಿಓ ಮೋಟರು ಖಾಲಿ ತಿರುಗುವಾಗಲೇ ಸುಮಾರು 160 ಮಿಲಿಆಂಪ್ ಎಳೆಯುತ್ತದೆ, ಚಕ್ರ ಸಿಕ್ಕಿಕೊಂಡು ನಿಂತರೆ ಸುಮಾರು 1.5 ಆಂಪ್. ನಾಲ್ಕು ಮೋಟರು ಒಟ್ಟಿಗೆ ಹೊರಡುವ ಆ ಒಂದು ಕ್ಷಣ 6 ಆಂಪ್ ಕೇಳುತ್ತವೆ. ಚೌಕ ಬ್ಯಾಟರಿಯ ಒಳರೋಧವೇ ಹೆಚ್ಚು, 1 ಆಂಪ್ ಎಳೆದರೂ ವೋಲ್ಟೇಜು ಕುಸಿಯುತ್ತದೆ. ಆಗ ಕಾಣುವ ಲಕ್ಷಣ ಹೀಗೆ: ರೋಬೋ ಒಮ್ಮೆ ಜಗ್ಗಿ ನಿಲ್ಲುತ್ತದೆ, ಆರ್ಡುಯಿನೊ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಎಚ್‌ಸಿ-05ರ ದೀಪ ಸಂಪರ್ಕ ಕಡಿದಿದೆ ಎಂದು ಬೇಗಬೇಗ ಮಿಣುಕತೊಡಗುತ್ತದೆ. ಇದನ್ನು ಕಂಡವರು ಪ್ರೋಗ್ರಾಂ ತಪ್ಪೆಂದು ರಾತ್ರಿಯೆಲ್ಲ ಕೋಡ್ ತಿದ್ದುತ್ತಾ ಕೂರುತ್ತಾರೆ. ಕೋಡ್ ಮುಟ್ಟುವ ಮುನ್ನ ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗೆ ಹಿಡಿದು, ಮೋಟರು ಹೊರಡಿಸಿ ನೋಡಿ. ಮುಳ್ಳು ಎಲ್ಲಿಗೆ ಬೀಳುತ್ತದೆ ಎಂಬುದೇ ಉತ್ತರ.

ಅದರ ಬದಲು ಎರಡು 18650 ಲಿಥಿಯಂ ಸೆಲ್ ಸರಣಿಯಲ್ಲಿ ಹಾಕಿ. ಹೆಸರಿಗೆ 7.4 ವೋಲ್ಟ್, ಪೂರ್ತಿ ತುಂಬಿದಾಗ 8.4. ಕೊಳ್ಳುವಾಗ ಮೈಮೇಲೆ 9900 ಎಂಎಎಚ್ ಎಂದು ಬರೆದ ಸೆಲ್ಲನ್ನು ಮುಟ್ಟಲೇಬೇಡಿ, ಆ ಗಾತ್ರದ ಸೆಲ್ಲಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಒಳ್ಳೆಯ ಸೆಲ್ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ನಡುವೆ ಇರುತ್ತದೆ, ತೂಕ ಸುಮಾರು 45 ಗ್ರಾಂ. ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿ, 30 ಗ್ರಾಮಿನ ಆಸುಪಾಸಿಗೆ ಬಂದರೆ ವಾಪಸ್ ಕೊಡಿ. ಸೆಲ್ ಕೂರಿಸುವ ಅಗ್ಗದ ಪ್ಲಾಸ್ಟಿಕ್ ಹೋಲ್ಡರಿನ ಸ್ಪ್ರಿಂಗ್ ಕೂಡ ಬಿಸಿಯಾಗಿ ವೋಲ್ಟೇಜು ತಿನ್ನುತ್ತದೆ. ಸ್ಪ್ರಿಂಗಿನ ತಲೆಯಿಂದ ಬುಡಕ್ಕೆ ಒಂದು ತುಂಡು ತಾಮ್ರದ ವೈರನ್ನು ಬೆಸೆದರೆ ಆ ತೊಂದರೆ ತಪ್ಪುತ್ತದೆ. ಸೆಲ್ಲಿನ ಮೈಗೆ ಮಾತ್ರ ಸೋಲ್ಡರಿಂಗ್ ಐರನ್ ತಾಗಿಸಬಾರದು.

ಬ್ಯಾಟರಿಯಿಂದ ಡ್ರೈವರಿಗೆ ಜಂಪರ್ ವೈರು ಬೇಡವೇ ಬೇಡ. ಕೂದಲೆಳೆಯಂಥ ಆ ವೈರಿನಲ್ಲಿ ಸಿಗ್ನಲ್ ಹೋಗಬಹುದೇ ಹೊರತು ಮೋಟರಿನ ಕರೆಂಟಲ್ಲ. ಬೈಕ್ ವೈರಿಂಗ್ ಮಾಡುವ ಅಂಗಡಿಗೆ ಹೋಗಿ 0.75 ಚದರ ಮಿ.ಮೀ. ವೈರು ಒಂದು ಮೀಟರು, 5 ಆಂಪಿನ ಬ್ಲೇಡ್ ಫ್ಯೂಸು ಮತ್ತು ಅದರ ಹೋಲ್ಡರು ತನ್ನಿ. ಪ್ಲಸ್ ವೈರಿನಲ್ಲಿ ಮೊದಲು ಫ್ಯೂಸು, ಆಮೇಲೆ ಸ್ವಿಚ್ಚು. ಶಾರ್ಟ್ ಆದರೆ ಲಿಥಿಯಂ ಸೆಲ್ ಫ್ಯೂಸಿಲ್ಲದೆ ಏನು ಮಾಡುತ್ತದೆ ಎಂಬುದನ್ನು ಹಾಸ್ಟೆಲಿನ ಕೋಣೆಯಲ್ಲಿ ಪರೀಕ್ಷಿಸುವ ಹಾಗಿಲ್ಲ. ಚಾರ್ಜಿಂಗ್‌ನಲ್ಲೂ ಒಂದು ತಪ್ಪು ಪದೇಪದೇ ನಡೆಯುತ್ತದೆ. ಟಿಪಿ4056 ಎಂಬ ಚಿಕ್ಕ ಚಾರ್ಜರ್ ಬೋರ್ಡು ಒಂದೇ ಸೆಲ್ಲಿಗೆ, 4.2 ವೋಲ್ಟಿಗೆ. ಸರಣಿಯಲ್ಲಿರುವ ಎರಡು ಸೆಲ್ಲಿಗೆ ಅದನ್ನು ಹಾಕಬಾರದು. ಸೆಲ್‌ಗಳನ್ನು ಹೊರತೆಗೆದು ಒಂದೊಂದಾಗಿ ಚಾರ್ಜ್ ಮಾಡಿ, ಇಲ್ಲವೇ ಎರಡು ಸೆಲ್ಲಿನ ಬಿಎಂಎಸ್ (ಸೆಲ್ ಕಾಯುವ) ಬೋರ್ಡಿನ ಜೊತೆ 8.4 ವೋಲ್ಟ್ ಚಾರ್ಜರ್ ಬಳಸಿ. ಹಾಸಿಗೆಯ ಮೇಲಿಟ್ಟು ನಿದ್ದೆಹೋಗಬೇಡಿ. ಆಟದ ನಡುವೆ ಪ್ರತಿ ಸೆಲ್ 3.5 ವೋಲ್ಟಿಗೆ ಇಳಿದರೆ ಬದಲಿಸಿ. 3 ವೋಲ್ಟಿಗಿಂತ ಕೆಳಗೆ ಹೋದ ಸೆಲ್ ಮೊದಲಿನ ಹಾಗೆ ಆಗುವುದಿಲ್ಲ.

ಇನ್ನು ಎಲ್298ಎನ್. ಕೆಂಪು ಬೋರ್ಡು, ಕಪ್ಪು ಹೀಟ್‌ಸಿಂಕು, ನೋಡಲು ಗಟ್ಟಿಮುಟ್ಟು. ಸುಲಭಕ್ಕೆ ಸುಡುವುದೂ ಇಲ್ಲ, ಅದಕ್ಕಾಗಿಯೇ ಲ್ಯಾಬಿನ ಮೇಷ್ಟ್ರುಗಳಿಗೆ ಇಷ್ಟ. ಆದರೆ ಅದರೊಳಗಿರುವುದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರು. 1 ಆಂಪ್ ಹರಿಯುವಾಗ 1.8ರಿಂದ 3.2 ವೋಲ್ಟನ್ನು ತಾನೇ ನುಂಗಿ ಬಿಸಿಯಾಗಿ ಹೊರಹಾಕುತ್ತದೆ ಎಂದು ಅದರ ಡೇಟಾಶೀಟೇ ಹೇಳುತ್ತದೆ. 7.4 ವೋಲ್ಟ್ ಕೊಟ್ಟರೆ ಮೋಟರಿಗೆ ದಕ್ಕುವುದು 4.2ರಿಂದ 5.6. ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುವುದು ನಿಮ್ಮ ಬ್ಯಾಟರಿಯ ದುಡ್ಡಿನಿಂದಲೇ. ಇನ್ನೊಂದು ಲೆಕ್ಕ ನೋಡಿ. ನಾಲ್ಕು ಚಕ್ರದ ರೋಬೋದಲ್ಲಿ ಒಂದು ಕಡೆಯ ಎರಡು ಮೋಟರನ್ನು ಒಂದೇ ಚಾನೆಲಿಗೆ ಕಟ್ಟುತ್ತೇವೆ. ಸಾಕರ್ ಆಟದಲ್ಲಿ ಎದುರಾಳಿಗೆ ಡಿಕ್ಕಿ ಹೊಡೆದು ಎರಡೂ ನಿಂತರೆ 3 ಆಂಪ್, ಚಾನೆಲಿನ ಮಿತಿ 2 ಆಂಪ್.

ಇದಕ್ಕೆ ಒಳ್ಳೆಯ ಬದಲಿ ಟಿಬಿ6612ಎಫ್‌ಎನ್‌ಜಿ. ಮಾಸ್‌ಫೆಟ್ ಡ್ರೈವರು, ಒಳರೋಧ ಸುಮಾರು ಅರ್ಧ ಓಮ್, ಅಂದರೆ 1 ಆಂಪಿಗೆ ಅರ್ಧ ವೋಲ್ಟ್ ಮಾತ್ರ ನಷ್ಟ. ಹೀಟ್‌ಸಿಂಕ್ ಬೇಡ, ಹೆಬ್ಬೆರಳಿನಷ್ಟು ಜಾಗ ಸಾಕು. ಬ್ಯಾಟರಿ, ಮೋಟರು, ಚಕ್ರ ಯಾವುದನ್ನೂ ಬದಲಿಸದೆ ಇದೊಂದನ್ನು ಹಾಕಿದರೂ ವೇಗದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಇದು ಎಲ್298ಎನ್‌ನಷ್ಟು ಒರಟು ತಡೆಯುವುದಿಲ್ಲ. ಚಾನೆಲಿಗೆ ನಿರಂತರ 1.2 ಆಂಪ್, ಕ್ಷಣಕಾಲಕ್ಕೆ 3.2. ಆದ್ದರಿಂದ ಲೈನ್ ಫಾಲೋವರಿಗೆ ಒಂದು ಸಾಕು, ನಾಲ್ಕು ಮೋಟರಿನ ಸಾಕರ್ ರೋಬೋಗೆ ಎರಡು ಬೋರ್ಡು ಬೇಕು, ಒಂದು ಮೋಟರಿಗೆ ಒಂದು ಚಾನೆಲ್. ಪ್ಲಸ್ ಮೈನಸ್ ಅದಲುಬದಲಾದರೆ ಆ ಕ್ಷಣವೇ ಹೋಯಿತು. ಎಸ್‌ಟಿಬಿವೈ ಎಂಬ ಪಿನ್ನಿಗೆ 5 ವೋಲ್ಟ್ ಕೊಡದಿದ್ದರೆ ಮೋಟರು ಮಿಸುಕುವುದೇ ಇಲ್ಲ. ಬೋರ್ಡು ಹಾಳೆಂದು ಎಸೆಯುವ ಮುನ್ನ ಅದನ್ನೊಮ್ಮೆ ನೋಡಿ. ತುಂಬಿದ ಬ್ಯಾಟರಿಯ 8.4 ವೋಲ್ಟನ್ನು ಪೂರ್ತಿ ಬಿಡದೆ, ಪ್ರೋಗ್ರಾಮಿನಲ್ಲಿ ಪಿಡಬ್ಲ್ಯೂಎಂ (ಕರೆಂಟನ್ನು ಬೇಗಬೇಗ ಹಾಕಿ ಆರಿಸಿ ವೇಗ ಹಿಡಿತದಲ್ಲಿಡುವ ಕ್ರಮ) ಬೆಲೆಯನ್ನು 255ರ ಬದಲು 180ಕ್ಕೆ ಕಟ್ಟಿಹಾಕಿದರೆ ಮೋಟರಿಗೆ ಸರಾಸರಿ 6 ವೋಲ್ಟ್ ಸಿಗುತ್ತದೆ. ಮೋಟರೂ ಉಳಿಯುತ್ತದೆ, ಡ್ರೈವರೂ ಉಳಿಯುತ್ತದೆ.

ಎಲ್298ಎನ್ ಅನ್ನೇ ಇಟ್ಟುಕೊಳ್ಳುವವರಿಗೆ ಒಂದು ಮಾತು. ಅದರ ಮೇಲಿನ 5 ವೋಲ್ಟ್ ಟರ್ಮಿನಲ್‌ನಿಂದ ವೈರು ತಂದು ಆರ್ಡುಯಿನೊದ ವಿನ್ ಪಿನ್ನಿಗೆ ಚುಚ್ಚುವುದು ತಪ್ಪು. ವಿನ್ ಪಿನ್ನಿಗೆ 7 ವೋಲ್ಟಾದರೂ ಬೇಕು, 5 ಕೊಟ್ಟರೆ ರೆಗ್ಯುಲೇಟರ್ ದಾಟುವಷ್ಟರಲ್ಲಿ ಇನ್ನೂ ಕಡಿಮೆಯಾಗಿ ಸೆನ್ಸರು ಏನೇನೋ ಓದುತ್ತದೆ. ಆ ವೈರು ಹೋಗಬೇಕಾದದ್ದು 5ವಿ ಪಿನ್ನಿಗೆ. ಇದಕ್ಕಿಂತ ಚೆನ್ನಾದ ದಾರಿ ಎಂದರೆ ಒಂದು ಎಲ್ಎಂ2596 ಬಕ್ (ವೋಲ್ಟೇಜು ಇಳಿಸುವ) ಬೋರ್ಡು. ಜೋಡಿಸುವ ಮುನ್ನವೇ ಮಲ್ಟಿಮೀಟರ್ ಹಿಡಿದು ಸ್ಕ್ರೂ ತಿರುಗಿಸಿ 5 ವೋಲ್ಟಿಗೆ ನಿಲ್ಲಿಸಿ, ಆಮೇಲೆ 5ವಿ ಪಿನ್ನಿಗೆ ಕೊಡಿ. ಯುಎಸ್‌ಬಿ ಹಾಕಿ ಪ್ರೋಗ್ರಾಂ ತುಂಬುವಾಗ ಬ್ಯಾಟರಿ ಸ್ವಿಚ್ಚು ಆರಿಸಿರಬೇಕು. ಬ್ಯಾಟರಿ, ಡ್ರೈವರು, ಆರ್ಡುಯಿನೊ, ಸೆನ್ಸರು ಎಲ್ಲದರ ಗ್ರೌಂಡ್ (ಮೈನಸ್) ಒಂದೇ ಕಡೆ ಸೇರಿರಬೇಕು. ಸೇರದಿದ್ದರೆ ಮೋಟರು ದೆವ್ವ ಹಿಡಿದ ಹಾಗೆ ತನ್ನಿಷ್ಟಕ್ಕೆ ತಿರುಗುತ್ತದೆ.

ಮೋಟರುಗಳ ಬಗ್ಗೆ ಅಭಿಪ್ರಾಯ ಮಿಶ್ರವಾಗಿದೆ. 1:48 ಪ್ಲಾಸ್ಟಿಕ್ ಗೇರು, ಬೆಲೆ ಅಗ್ಗ, ಎಲ್ಲ ತಂಡದ ಹತ್ತಿರವೂ ಇರುವುದರಿಂದ ಕೊನೆಗಳಿಗೆಯಲ್ಲಿ ಪಕ್ಕದ ಮೇಜಿನಿಂದ ಕೇಳಿ ಪಡೆಯಬಹುದು. ಇದು ಸಣ್ಣ ಅನುಕೂಲವಲ್ಲ. ಆದರೆ ಒಂದೇ ಡಬ್ಬಿಯ ನಾಲ್ಕು ಮೋಟರೂ ಒಂದೇ ವೇಗದಲ್ಲಿ ತಿರುಗುತ್ತವೆ ಎಂದುಕೊಳ್ಳಬೇಡಿ. ಚಕ್ರಕ್ಕೆ ಬಿಳಿ ಟೇಪು ಅಂಟಿಸಿ, 6 ವೋಲ್ಟ್ ಕೊಟ್ಟು, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು 30 ಸೆಕೆಂಡಿಗೆ ಎಷ್ಟು ಸುತ್ತು ಎಂದು ಎಣಿಸಿ. ಹತ್ತಿರಹತ್ತಿರ ಇರುವ ಎರಡನ್ನು ಲೈನ್ ಫಾಲೋವರಿಗೆ ಜೋಡಿ ಮಾಡಿ. 200 ಆರ್‌ಪಿಎಂ ಮೋಟರಿಗೆ 65 ಮಿ.ಮೀ. ಚಕ್ರ ಹಾಕಿದರೆ ಸೆಕೆಂಡಿಗೆ ಸುಮಾರು 68 ಸೆಂ.ಮೀ. ಓಟ. ಲೈನ್ ಫಾಲೋವರಿಗೆ ಇಷ್ಟು ಸರಿ. ಸಾಕರಿಗೆ 100 ಅಥವಾ 150 ಆರ್‌ಪಿಎಂ ಕೇಳಿ ಕೊಳ್ಳಿ, ತಳ್ಳುವ ಬಲ ಹೆಚ್ಚು. ಅಂಗಡಿಯಲ್ಲಿ ಕೇಳದಿದ್ದರೆ ಯಾವುದೋ ಒಂದನ್ನು ಹಾಕಿ ಕೊಡುತ್ತಾರೆ.

ಮೋಟರಿನ ಹಿಂದಿನ ತಾಮ್ರದ ಕಿವಿಗಳು ಎಲೆಯಂತೆ ತೆಳುವು. ವೈರು ಬೆಸೆದು ಬಿಟ್ಟರೆ ಎರಡು ಸಲ ಎಳೆಯುವಷ್ಟರಲ್ಲಿ ಕಿತ್ತು ಬರುತ್ತವೆ. ಬೆಸೆದ ಮೇಲೆ ವೈರನ್ನು ಮೋಟರಿನ ಮೈಗೇ ಜಿಪ್ ಟೈ ಹಾಕಿ ಬಿಗಿಯಿರಿ. ಅದೇ ಎರಡು ಕಿವಿಗಳ ನಡುವೆ 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಒಂದನ್ನು ಬೆಸೆದರೆ ಬ್ರಷ್ಷಿನ ಕಿಡಿಯ ಗದ್ದಲ ಬ್ಲೂಟೂತಿಗೆ ತಟ್ಟುವುದಿಲ್ಲ. ಮೋಟರು ಹಿಡಿಯುವ ಅಕ್ರಿಲಿಕ್ ತುಂಡು ಈ ಕಿಟ್ಟಿನಲ್ಲಿ ಎಲ್ಲಕ್ಕಿಂತ ಮೊದಲು ಒಡೆಯುತ್ತದೆ. ಸ್ಕ್ರೂವನ್ನು ಅಲುಗಾಟ ನಿಲ್ಲುವವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು, ಅಷ್ಟೇ. ಸಾಕರ್ ಆಡುವವರು ಅಕ್ರಿಲಿಕ್ ತಟ್ಟೆಯನ್ನು ಮರೆತುಬಿಡುವುದು ಒಳ್ಳೆಯದು. ನಾಮಫಲಕ ಮಾಡುವ ಅಂಗಡಿಗಳಲ್ಲಿ 3 ಮಿ.ಮೀ. ಎಸಿಪಿ ಶೀಟಿನ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕಡಿಮೆ ದುಡ್ಡಿಗೆ ಕೊಡುತ್ತಾರೆ. ಹಗುರ, ಗುದ್ದಿದರೆ ಬಾಗುತ್ತದೆಯೇ ಹೊರತು ಚೂರಾಗುವುದಿಲ್ಲ. ಒಂದೇ ಎಚ್ಚರ, ಅದರ ಎರಡು ಮೈಯೂ ಅಲ್ಯೂಮಿನಿಯಂ. ಬೋರ್ಡಿನ ಬೆಸುಗೆಯ ತುದಿ ತಾಗಿದರೆ ಶಾರ್ಟ್. ನೈಲಾನ್ ಸ್ಪೇಸರ್ ಹಾಕಿ ಬೋರ್ಡನ್ನು 1 ಸೆಂ.ಮೀ. ಮೇಲೆತ್ತಿ ಕೂರಿಸಿ, ಶೀಟಿನ ಕತ್ತರಿಸಿದ ಅಂಚಿಗೂ ಟೇಪು ಸುತ್ತಿ.

ಕಿಟ್ಟಿನ ಟೈರು ಗಡುಸು ರಬ್ಬರು, ನುಣುಪಾದ ಫ್ಲೆಕ್ಸಿನ ಮೇಲೆ ಜಾರುತ್ತದೆ. ಹಳೆಯ ಸೈಕಲ್ ಟ್ಯೂಬಿನಿಂದ ಪಟ್ಟಿ ಕತ್ತರಿಸಿ ಎಳೆದು ಹಾಕಿದರೆ ಹಿಡಿತ ಎಷ್ಟೋ ಉತ್ತಮ. ಪ್ರತಿ ಓಟಕ್ಕೂ ಮುನ್ನ ಒದ್ದೆ ಬಟ್ಟೆಯಲ್ಲಿ ಟೈರು ಒರೆಸಿ. ನಮ್ಮ ಕಡೆಯ ಬೇಸಿಗೆಯ ಧೂಳು ಒಂದೇ ಸುತ್ತಿನಲ್ಲಿ ಟೈರಿಗೆ ಪುಡಿ ಬಳಿದಂತೆ ಅಂಟುತ್ತದೆ.

ಲೈನ್ ಫಾಲೋವರ್ ಕಟ್ಟುವವರು ಹಿಂದಿನ ಎರಡು ಮೋಟರನ್ನು ಬಿಚ್ಚಿ ಎಲ್ಲ ಕಡೆ ಉರುಳುವ ಗುಂಡಿನ ಒಂದು ಬಾಲ್ ಕ್ಯಾಸ್ಟರ್ ಹಾಕಿ. ನಾಲ್ಕು ಚಕ್ರದ ರೋಬೋ ತಿರುಗಬೇಕಾದರೆ ಟೈರನ್ನು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು, ಸಣ್ಣ ತಿದ್ದುಪಡಿ ಅದಕ್ಕೆ ಕೈಗೂಡುವುದಿಲ್ಲ.

ಈಗ ಸೆನ್ಸರು. ಕಿಟ್ಟಿನಲ್ಲಿ ಕೊಡುವ ಎರಡು ಐಆರ್ ಸೆನ್ಸರು ಇಡೀ ಡಬ್ಬಿಯಲ್ಲಿ ಅತ್ಯಂತ ನಿರಾಸೆಯ ಭಾಗ. ಇವು ಎದುರಿನ ಅಡ್ಡಿ ಪತ್ತೆಮಾಡಲು ಮಾಡಿದವು. ಎಲ್ಎಂ393 ಚಿಪ್ಪು ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಗೆರೆ ಎಷ್ಟು ದೂರ ಸರಿದಿದೆ ಎಂಬುದು ಗೊತ್ತಾಗದೆ ರೋಬೋ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಅಲ್ಲಾಡಿಸುತ್ತಾ ಹೋಗುತ್ತದೆ. ಪ್ರಾಥಮಿಕ ಸುತ್ತಿನ ಸರಳ ಗೆರೆ ದಾಟಬಹುದು, 90 ಡಿಗ್ರಿ ತಿರುವಿನಲ್ಲಿ ಹೊರಗೆ ಹಾರುತ್ತದೆ. ಇದಕ್ಕೆ ಟಿಸಿಆರ್‌ಟಿ5000 ಬಿಡಿ ಸೆನ್ಸರು ಐದು ಇರುವ, ಅನಲಾಗ್ (ಹೌದು-ಇಲ್ಲ ಅಲ್ಲದೆ ಎಷ್ಟು ಎಂದೂ ಹೇಳುವ) ಔಟ್‌ಪುಟ್ ಕೊಡುವ ಪಟ್ಟಿ ಕೊಳ್ಳಿ. ಎಂಟು ಸೆನ್ಸರಿನ ಪಟ್ಟಿ ಇನ್ನೂ ಚೆನ್ನ ಎಂದು ಆಸೆಪಡುವವರು ಗಮನಿಸಬೇಕಾದದ್ದು, ಊನೊ ಬೋರ್ಡಿನಲ್ಲಿ ಅನಲಾಗ್ ಪಿನ್ ಇರುವುದೇ ಆರು.

ಆ ಪಟ್ಟಿಯನ್ನು ನೆಲದಿಂದ 3ರಿಂದ 5 ಮಿ.ಮೀ. ಎತ್ತರದಲ್ಲಿ, ಚಕ್ರದ ಅಕ್ಷದಿಂದ ಸುಮಾರು 10 ಸೆಂ.ಮೀ. ಮುಂದೆ ಕೂರಿಸಿ. ತೀರ ಹತ್ತಿರ ಇಟ್ಟರೆ ತಿರುವು ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ, ತೀರ ಮುಂದಿಟ್ಟರೆ ಬಾಲ ತೂಗಾಡುತ್ತದೆ. ಸ್ವಿಚ್ಚು ಹಾಕಿದ ಮೊದಲ 5 ಸೆಕೆಂಡು ರೋಬೋವನ್ನು ಕೈಯಲ್ಲಿ ಹಿಡಿದು ಗೆರೆಯ ಮೇಲೆ ಆಚೀಚೆ ಆಡಿಸಿ, ಪ್ರತಿ ಸೆನ್ಸರಿನ ಕನಿಷ್ಠ ಗರಿಷ್ಠ ಬೆಲೆಯನ್ನು ಪ್ರೋಗ್ರಾಂ ನೆನಪಿಟ್ಟುಕೊಳ್ಳುವಂತೆ ಬರೆಯಿರಿ. ಈ ಕ್ಯಾಲಿಬ್ರೇಷನ್ ಸ್ಪರ್ಧೆ ನಡೆಯುವ ಜಾಗದಲ್ಲಿ, ಅದೇ ಹೊತ್ತಿನ ಬೆಳಕಿನಲ್ಲಿ ಆಗಬೇಕು. ಬಿಸಿಲಿನಲ್ಲಿ ಅವಗೆಂಪು ಕಿರಣ ಹೇರಳ. ಬೆಳಗ್ಗೆ ಸಭಾಂಗಣದಲ್ಲಿ ಗೆರೆ ಬಿಡದೆ ಓಡಿದ ರೋಬೋ ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಿದ್ದ ಕಡೆ ಕುರುಡಾಗುವುದು ಇದರಿಂದಲೇ. ಸೆನ್ಸರ್ ಪಟ್ಟಿಯ ಸುತ್ತ ಕಪ್ಪು ಬಟ್ಟೆಯ ಲಂಗ ಕಟ್ಟಿದರೆ ಬಹುಪಾಲು ಬಚಾವು. ಕಪ್ಪು ಬಟ್ಟೆ, ಕಪ್ಪು ಶಾಯಿ ಎಲ್ಲವೂ ಅವಗೆಂಪಿಗೆ ಕಪ್ಪಾಗಿರುವುದಿಲ್ಲ ಎಂಬುದು ನೆನಪಿರಲಿ. ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಮುದ್ರಣದ ಶಾಯಿ ಸೆನ್ಸರಿಗೆ ಬಿಳಿಯಂತೆ ಹೊಳೆಯುತ್ತದೆ. ಅಭ್ಯಾಸದ ಟ್ರ್ಯಾಕನ್ನು ಫ್ಲೆಕ್ಸ್ ಅಂಗಡಿಯಲ್ಲಿ ಹೊಳಪಿಲ್ಲದ ಮೈಯಲ್ಲಿ ಹಾಕಿಸಿ, ನಿಯಮ ಪುಸ್ತಕದಲ್ಲಿ ಗೆರೆ ಎಷ್ಟು ಅಗಲ ಎಂದಿದೆಯೋ ಅಷ್ಟೇ ಅಗಲ. ಇನ್ಸುಲೇಷನ್ ಟೇಪಿನಲ್ಲಿ ಮಾಡುವುದಾದರೆ ಅದರ ಅಗಲ ಸುಮಾರು 19 ಮಿ.ಮೀ., ಸಾಲದಿದ್ದರೆ ಎರಡು ಸಾಲು ಅಂಟಿಸಿ.

ಐದು ಸೆನ್ಸರಿಗೆ 0, 1000, 2000, 3000, 4000 ಎಂದು ತೂಕ ಕೊಟ್ಟು ಸರಾಸರಿ ತೆಗೆದರೆ ಗೆರೆ ನಟ್ಟನಡುವೆ ಇದ್ದಾಗ 2000 ಬರುತ್ತದೆ. ಅಲ್ಲಿಂದ ಎಷ್ಟು ಸರಿದಿದೆಯೋ ಅದೇ ದೋಷ. ಅದನ್ನು ತಿದ್ದುವ ಪಿಐಡಿ ಲೆಕ್ಕದಲ್ಲಿ ಕೆಪಿ ಈಗಿನ ದೋಷಕ್ಕೆ, ಕೆಐ ಕೂಡುತ್ತಾ ಬಂದ ದೋಷಕ್ಕೆ, ಕೆಡಿ ದೋಷ ಬದಲಾಗುವ ವೇಗಕ್ಕೆ ಕೊಡುವ ಗುಣಕ. ಕೆಪಿ 0.05ರಿಂದ, ಮೂಲ ವೇಗ 100ರಿಂದ ಆರಂಭಿಸಿ, ಕೆಐ ಸೊನ್ನೆ ಇರಲಿ. ರೋಬೋ ಹಾವಿನಂತೆ ಹೊರಳತೊಡಗುವವರೆಗೆ ಕೆಪಿ ಏರಿಸಿ, ಆಮೇಲೆ ಹೊರಳಾಟ ನಿಲ್ಲುವವರೆಗೆ ಕೆಡಿ ಸೇರಿಸಿ. ಕೆಡಿ ಬೆಲೆ ಕೆಪಿಯ ಹತ್ತಿಪ್ಪತ್ತು ಪಟ್ಟಾದರೂ ಗಾಬರಿ ಬೇಡ. ಗೆರೆ ಪೂರ್ತಿ ತಪ್ಪಿದಾಗ ಕೊನೆಯ ಬಾರಿ ಯಾವ ಕಡೆ ಕಂಡಿತ್ತೋ ಆ ಕಡೆಗೇ ತಿರುಗುವಂತೆ ಬರೆದಿಡಿ. ಪರೀಕ್ಷೆಗೆಂದು ಬರೆದ ಸೀರಿಯಲ್ ಪ್ರಿಂಟ್ ಸಾಲುಗಳನ್ನು ಸ್ಪರ್ಧೆಗೆ ಮುನ್ನ ಅಳಿಸಿ. 9600 ವೇಗದಲ್ಲಿ 20 ಅಕ್ಷರ ಕಳಿಸಲು ಸುಮಾರು 20 ಮಿಲಿಸೆಕೆಂಡು ಬೇಕು, ಅಷ್ಟರಲ್ಲಿ ರೋಬೋ ಕಣ್ಣುಮುಚ್ಚಿ 1.4 ಸೆಂ.ಮೀ. ಓಡಿರುತ್ತದೆ.

ಎಚ್‌ಸಿ-05 ಬಗ್ಗೆ ದೂರಿಲ್ಲ. ಅದರ ಆರ್‌ಎಕ್ಸ್ (ಸಂದೇಶ ಪಡೆಯುವ) ಪಿನ್ನು 3.3 ವೋಲ್ಟಿನದು. ಆರ್ಡುಯಿನೊದಿಂದ ಬರುವ ವೈರಿಗೆ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿ ಇಳಿಸಿ. 0 ಮತ್ತು 1ನೇ ಪಿನ್ನಿಗೆ ಕಟ್ಟಿದ್ದರೆ ಪ್ರೋಗ್ರಾಂ ತುಂಬುವಾಗ ಅದನ್ನು ಬಿಚ್ಚಲೇಬೇಕು. ಒಂದೇ ಹಾಲಿನಲ್ಲಿ ಇಪ್ಪತ್ತು ತಂಡದ ಎಚ್‌ಸಿ-05 ಒಂದೇ ಹೆಸರಿನಲ್ಲಿ, 1234 ಎಂಬ ಒಂದೇ ಗುಪ್ತಸಂಖ್ಯೆಯಲ್ಲಿ (ಪಿನ್) ಕೂತಿರುತ್ತವೆ. ಎಟಿ ಮೋಡಿಗೆ (ಅದರ ಸೆಟ್ಟಿಂಗ್ ಬದಲಿಸುವ ಸ್ಥಿತಿಗೆ) ಹೋಗಿ, 38400 ವೇಗದಲ್ಲಿ, ಹೆಸರು ಮತ್ತು ಪಿನ್ ಎರಡನ್ನೂ ಮನೆಯಲ್ಲೇ ಬದಲಿಸಿ. 300 ಮಿಲಿಸೆಕೆಂಡು ಯಾವ ಆಜ್ಞೆಯೂ ಬರದಿದ್ದರೆ ಮೋಟರು ತಾನಾಗಿ ನಿಲ್ಲುವಂತೆ ಬರೆಯಿರಿ, ಸಂಪರ್ಕ ಕಡಿದ ರೋಬೋ ಸ್ವಂತ ಗೋಲಿಗೆ ಚೆಂಡು ನೂಕಿಕೊಂಡು ಹೋಗದಿರಲಿ.

ಚೆಂಡು ಒದೆಯಲು ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಮೋಟರು) ಸೇರಿಸುವವರು ಮೋಟರಿನ ವೇಗದ ಪಿನ್ನನ್ನು 9 ಮತ್ತು 10ಕ್ಕೆ ಕಟ್ಟಬಾರದು. ಸರ್ವೋ ಲೈಬ್ರರಿ ಊನೊದಲ್ಲಿ ಆ ಎರಡು ಪಿನ್ನಿನ ಪಿಡಬ್ಲ್ಯೂಎಂ ನಿಲ್ಲಿಸಿಬಿಡುತ್ತದೆ. 3, 5, 6, 11 ಬಳಸಿ.

ಈ ಕಿಟ್ ಯಾರಿಗೆ ಬೇಡ? ರೋಬೋ ತಾನೇ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಮೈಕ್ರೋಮೌಸ್ ಸ್ಪರ್ಧೆಗೆ ಹೋಗುವವರಿಗೆ. ಅಲ್ಲಿ ಒಂದು ಮನೆಯ ಅಳತೆ 18 ಸೆಂ.ಮೀ., ಗೋಡೆ ಕಳೆದರೆ ಉಳಿಯುವುದು 16.8. ನಾಲ್ಕು ಚಕ್ರದ ಈ ಚಾಸಿಯೋ 25 ಸೆಂ.ಮೀ. ಉದ್ದ, ಚಕ್ರ ಸೇರಿ 15 ಸೆಂ.ಮೀ. ಅಗಲ, ಒಳಗೆ ಹೋದರೂ ತಿರುಗಲಾರದು. ಅವರು ಎನ್‌ಕೋಡರ್ (ಸುತ್ತು ಎಣಿಸುವ ಸೆನ್ಸರ್) ಇರುವ ಎನ್20 ಮೋಟರಿನಿಂದಲೇ ಶುರುಮಾಡಲಿ.

ಬಿಡಿಭಾಗದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಫ್ಯೂಸು, ವೈರು, ಟ್ಯೂಬು, ಫ್ಲೆಕ್ಸು, ಎಸಿಪಿ ಎಲ್ಲ ಊರಲ್ಲೇ ಸಿಗುತ್ತದೆ. ಟಿಬಿ6612, ಸೆನ್ಸರ್ ಪಟ್ಟಿ, ನಂಬುವಂಥ ಸೆಲ್ ಇವಕ್ಕೆ ಆನ್‌ಲೈನ್ ತರಿಸಬೇಕು, ಇಲ್ಲವೇ 70 ಕಿ.ಮೀ. ದೂರದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಆದ್ದರಿಂದ ಎರಡು ಮೋಟರು, ಒಂದು ಡ್ರೈವರು, ಎರಡು ತುಂಬಿದ ಸೆಲ್, ಹತ್ತು ಜಂಪರ್ ವೈರು, ಎರಡು ಫ್ಯೂಸು ಹೆಚ್ಚುವರಿಯಾಗಿ ಚೀಲದಲ್ಲಿರಲಿ. ತಿಪಟೂರು, ಶಿರಾ, ಪಾವಗಡದಿಂದ ಬಸ್ಸಿನಲ್ಲಿ ಬರುವ ತಂಡಗಳು ರೋಬೋವನ್ನು ಚಕ್ರದ ಮೇಲೆ ನಿಲ್ಲಿಸಿ ತರಬೇಡಿ. ಚಾಸಿಯ ಅಡಿಗೆ ಥರ್ಮಾಕೋಲ್ ಕೊಟ್ಟು, ಚಕ್ರ ಗಾಳಿಯಲ್ಲಿರುವಂತೆ ರಟ್ಟಿನ ಡಬ್ಬಿಯಲ್ಲಿ ಕೂರಿಸಿ, ಸೆಲ್‌ಗಳನ್ನು ಹೊರತೆಗೆದು ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಇಳಿದ ಮೇಲೆ ಮೊದಲ ಕೆಲಸ, ಪ್ರತಿ ಜಂಪರ್ ವೈರಿನ ತಲೆಯನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡುವುದು.